ಈ ರಕ್ತಪಿಶಾಚಿಯ ಪೇಚಾಟವೇ ಬೇರೆ

ಡ್ರಾಕುಲಾನನ್ನು ಸ್ವಲ್ಪ ಬದಿಗಿಡಿ. ಈ ರಕ್ತಪಿಶಾಚಿ ಯಾರ ರಕ್ತ ಕುಡಿಯುತ್ತಾನೋ ನಿಧಾನಕ್ಕೆ ಅವರಂತೆಯೇ ಆಗಿಬಿಡುತ್ತಾನೆ. ಬಿಳಿಯರ ರಕ್ತ ಕುಡಿದರೆ ಗಡ್ಡ ಬರುತ್ತದೆ. ಅಮೆರಿಕದ ಮೂಲನಿವಾಸಿ ಬ್ಲ್ಯಾಕ್‌ಫೀಟ್ ಬುಡಕಟ್ಟಿನವನಾಗಿಯೇ ಉಳಿಯಬೇಕೆಂದರೆ ತನ್ನವರ ರಕ್ತವನ್ನೇ ಹೀರಬೇಕು!

ಇದು 2025ರ ಮಾರ್ಚ್‌ನಲ್ಲಿ ಬಂದ ‘ದಿ ಬಫಲೋ ಹಂಟರ್ ಹಂಟರ್’ ಕಾದಂಬರಿಯ ಕಥೆ. ಬರೆದವರು ಸ್ಟೀಫನ್ ಗ್ರಹಾಂ ಜೋನ್ಸ್. ಅವರೂ ಬ್ಲ್ಯಾಕ್‌ಫೀಟ್ ಮೂಲದವರೇ. ಕಥೆಯ ಬೇರು ಮಾತ್ರ ನಿಜದ್ದು. 1870ರ ಜನವರಿಯಲ್ಲಿ ಮೊಂಟಾನಾದ ಮರಾಯಸ್ ನದಿದಂಡೆಯಲ್ಲಿ ಅಮೆರಿಕದ ಸೈನ್ಯ ಸುಮಾರು 200 ಬ್ಲ್ಯಾಕ್‌ಫೀಟ್ ಜನರನ್ನು ಕೊಂದಿತ್ತು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ನನಗಂತೂ ಪಿಶಾಚಿಗಿಂತ ಇದೇ ಹೆಚ್ಚು ಭಯ ಹುಟ್ಟಿಸಿತು.

ಈ ಪುಸ್ತಕ ಬರುವ ಹಿಂದಿನ ವರ್ಷವಷ್ಟೇ ಜೋನ್ಸ್ ಮೂರು ಕಾದಂಬರಿಗಳ ‘ಇಂಡಿಯನ್ ಲೇಕ್’ ಸರಣಿ ಮುಗಿಸಿದ್ದರು. ಓದುವ ಮೊದಲು ಅವರ ದನಿ ಕೇಳಬೇಕೇ? ‘ಟಾಕಿಂಗ್ ಸ್ಕೇರ್ಡ್’ ಪಾಡ್‌ಕಾಸ್ಟ್‌ನಲ್ಲಿ ಅವರ ಮಾತುಕತೆ ಹುಡುಕಿ. ಕಥೆಯ ಗುಟ್ಟು ಬೇಡವೆನ್ನುವವರು ಪುಸ್ತಕ ಮುಗಿಸಿಯೇ ಕೇಳಿ.