ಕಾರ್ನಿಯಾದ ಅಂಚಿನ ಉಂಗುರ: ತಾತನ ಕಣ್ಣಲ್ಲಿ, ಮಗುವಿನ ಕಣ್ಣಲ್ಲಿ

ಕಣ್ಣಿನ ರಚನೆಯ ಪಾಠದಲ್ಲಿ ಕಾರ್ನಿಯಾಕ್ಕೆ ನಾವು ಕೊಡುವುದು ಎರಡೇ ನಿಮಿಷ: ಪಾರದರ್ಶಕ, ರಕ್ತನಾಳಗಳಿಲ್ಲ, ಬೆಳಕನ್ನು ಬಾಗಿಸುತ್ತದೆ. ಹನೂರು ತಾಲ್ಲೂಕಿನ ಗಡಿಯೂರು ಗೋಪಿನಾಥಂನಲ್ಲಿ ಬೋಧನಾಭ್ಯಾಸದ ವೇಳೆ ಇಷ್ಟನ್ನು ಹೇಳಿ ಮುಂದೆ ಹೋಗುವಷ್ಟರಲ್ಲಿ ಒಬ್ಬ ಹುಡುಗಿ ಕೇಳಿದಳು: “ಸಾರ್, ನಮ್ಮ ತಾತನ ಕಣ್ಣಲ್ಲಿ ಕರಿಗುಡ್ಡೆ ಸುತ್ತ ಬೆಳ್ಳಗೆ ಉಂಗುರ ಇದೆ. ಅದು ಪೊರೆನಾ?” ಪಾಠಯೋಜನೆಯಲ್ಲಿ ಇಲ್ಲದ, ಪಾಠಕ್ಕೆ ತೀರಾ ತಕ್ಕ ಪ್ರಶ್ನೆ.

ಪೊರೆಯಲ್ಲ. ಪೊರೆ ಬರುವುದು ಪಾಪೆಯ ಹಿಂದಿರುವ ಮಸೂರದಲ್ಲಿ. ತಾತನ ಉಂಗುರ ಇರುವುದು ಕಾರ್ನಿಯಾದ ಅಂಚಿನಲ್ಲಿ. ಸುತ್ತಲಿನ ಸೂಕ್ಷ್ಮ ರಕ್ತನಾಳಗಳಿಂದ ಕೊಬ್ಬಿನ ಅಂಶ ಸೋರಿ ಅಲ್ಲಿ ನಿಲ್ಲುತ್ತದೆ. ಮೊದಲು ಮೇಲೆ, ಕೆಳಗೆ ಕಮಾನಿನಂತೆ, ಆಮೇಲೆ ಸುತ್ತಲೂ. ಉಂಗುರಕ್ಕೂ ಬಿಳಿಗುಡ್ಡೆಗೂ ನಡುವೆ ತೆಳುವಾದ ತಿಳಿ ಗೆರೆಯೊಂದು ಉಳಿದಿರುತ್ತದೆ. ಇದಕ್ಕೆ ಆರ್ಕಸ್ ಎಂದು ಹೆಸರು. ವಯಸ್ಸಾದವರಲ್ಲಿ ಇದು ಸಾಮಾನ್ಯ, ದೃಷ್ಟಿಗೆ ತೊಂದರೆಯಿಲ್ಲ, ಔಷಧ ಬೇಡ. ಆದರೆ 40 ವರ್ಷದೊಳಗಿನವರಲ್ಲಿ ಕಂಡರೆ ರಕ್ತದ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಬೇಕು. ವಂಶದಲ್ಲಿ ಬಂದ ಅಧಿಕ ಕೊಲೆಸ್ಟರಾಲ್ ಇದ್ದೀತು.

ಶಿಕ್ಷಕರಾಗುವವರು ತಿಳಿದಿರಲೇಬೇಕಾದದ್ದು ಇನ್ನೊಂದು ಉಂಗುರ. ಅದರ ಬಣ್ಣ ಕಂದು, ಕೆಲವೊಮ್ಮೆ ಹಸಿರು ಬೆರೆತ ಹೊಂಬಣ್ಣ; ಕಾರಣ ತಾಮ್ರ. ವಿಲ್ಸನ್ ಕಾಯಿಲೆಯಲ್ಲಿ ಯಕೃತ್ತು ಹೆಚ್ಚುವರಿ ತಾಮ್ರವನ್ನು ಪಿತ್ತರಸದ ಮೂಲಕ ಹೊರಹಾಕಲಾರದು. ಅದು ಯಕೃತ್ತಿನಲ್ಲಿ, ಮಿದುಳಿನಲ್ಲಿ, ಕಾರ್ನಿಯಾದ ಒಳಪದರದ ಅಂಚಿನಲ್ಲಿ ಸೇರಿಕೊಳ್ಳುತ್ತದೆ. 1902ರಲ್ಲಿ ಕೈಸರ್, 1903ರಲ್ಲಿ ಫ್ಲೈಷರ್ ವರ್ಣಿಸಿದ ಕಾರಣ ಇದು ಕೈಸರ್-ಫ್ಲೈಷರ್ ಉಂಗುರ. ತಾಮ್ರದ ಚೊಂಬಿನ ನೀರು ಕುಡಿದರೆ ಬರುತ್ತದೆಯೇ ಎಂದು ತರಗತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲ, ತಂದೆ ತಾಯಿ ಇಬ್ಬರಿಂದಲೂ ಬಂದ ದೋಷಯುಕ್ತ ಜೀನ್ ಇದರ ಮೂಲ.

ನಮ್ಮ ಮಕ್ಕಳ ಕಂದುಗಣ್ಣಿನಲ್ಲಿ ಈ ಉಂಗುರ ಬರಿಗಣ್ಣಿಗೆ ಕಾಣುವುದು ಕಷ್ಟ. ನೇತ್ರವೈದ್ಯರ ಸ್ಲಿಟ್ ಲ್ಯಾಂಪ್ ಬೇಕು. ನಮಗೆ ಮೊದಲು ಕಾಣುವುದು ಕಣ್ಣಲ್ಲ, ನೋಟ್‌ಬುಕ್ಕು. ದುಂಡಗೆ ಬರೆಯುತ್ತಿದ್ದ ಮಗುವಿನ ಅಕ್ಷರ ಕೆಲವು ತಿಂಗಳಲ್ಲಿ ಕೆಡುತ್ತದೆ, ಮಾತು ತೊದಲುತ್ತದೆ, ಜೊಲ್ಲು ಸುರಿಯುತ್ತದೆ, ಕೈ ನಡುಗುತ್ತದೆ, ಸ್ವಭಾವ ಬದಲಾಗುತ್ತದೆ. ಸೋಮಾರಿತನವೆಂದು ಬೈದು ಕೂತರೆ ಚಿಕಿತ್ಸೆಯ ಹೊತ್ತು ಮೀರುತ್ತದೆ. ಇಂಥ ಲಕ್ಷಣಗಳಿಗೆ ಬೇರೆ ಕಾರಣಗಳೂ ಇರಬಹುದು. ರೋಗದ ಹೆಸರು ಹೇಳುವುದು ನಮ್ಮ ಕೆಲಸವಲ್ಲ, ಪೋಷಕರನ್ನು ಕರೆಸಿ ವೈದ್ಯರ ಬಳಿಗೆ ಕಳಿಸುವುದು ನಮ್ಮ ಕೆಲಸ.

ಅಪರೂಪದ ಕಾಯಿಲೆ ನಿಜ. ಆದರೂ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ಕಂಡ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದ್ದಾರೆ. ಪೆನಿಸಿಲಮೈನ್, ಸತು ಮುಂತಾದ ಔಷಧಗಳಿವೆ; ಜೀವನಪೂರ್ತಿ ಬಿಡದೆ ತೆಗೆದುಕೊಳ್ಳಬೇಕು. ಒಂದು ಮಗುವಿಗೆ ಕಾಯಿಲೆ ಗೊತ್ತಾದರೆ ಅದರ ಪ್ರತಿ ಒಡಹುಟ್ಟಿಗೂ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ರಕ್ತಸಂಬಂಧದ ಮದುವೆ ರೂಢಿಯಿರುವ ನಮ್ಮ ಕಡೆ ಇದನ್ನು ಒತ್ತಿ ಹೇಳಬೇಕು: ಲಕ್ಷಣವಿಲ್ಲದ ತಮ್ಮ ತಂಗಿಯರನ್ನೂ ಪರೀಕ್ಷೆಗೆ ಕರೆದೊಯ್ಯಬೇಕು.