ಸಕಲೇಶಪುರ, ಆಲೂರು ಭಾಗದ ಕಟ್ಟಡಗಳ ಹೊರಗೋಡೆಗೆ ಬಣ್ಣ: ಕೆಲಸಗಾರರ ಆಯ್ಕೆ ಮತ್ತು ವಿಧಾನ

ಅಂಗನವಾಡಿ, ಶಾಲೆ, ಪಂಚಾಯಿತಿ ಕಚೇರಿ ಮುಂತಾದ ಕಟ್ಟಡಗಳಿಗೆ ಬಣ್ಣ ಬಳಿಸುವ ಪ್ರಸ್ತಾವನೆಗಳು ಗ್ರಾಮ ಪಂಚಾಯಿತಿಗಳ ಮುಂದೆ ಪ್ರತಿ ವರ್ಷವೂ ಬರುತ್ತವೆ. ಬೇಸಿಗೆಯಲ್ಲಿ ಬಳಿದ ಗೋಡೆಯು ಒಂದು ಮುಂಗಾರು ಕಳೆಯುವಷ್ಟರಲ್ಲಿ ಬುಡದಲ್ಲಿ ಹಸಿರುಗಟ್ಟುವುದು, ಕಿಟಕಿಯ ಕೆಳಗೆ ಕಪ್ಪು ಗೆರೆಗಳು ಇಳಿಯುವುದು, ಬಣ್ಣವು ಹಪ್ಪಳದಂತೆ ಎದ್ದು ಬೀಳುವುದು ಮಾನ್ಯ ಸದಸ್ಯರಿಗೆ ತಿಳಿಯದ ಸಂಗತಿಯಲ್ಲ. ಆಗ ದೂರು ಹೋಗುವುದು ಬಣ್ಣದ ಕಂಪನಿಯ ಮೇಲೆ, ಇಲ್ಲವೇ ಬಳಿದವರ ಮೇಲೆ. ಗೋಡೆಯೊಳಗೆ ನೀರು ಹೇಗೆ ಹೊಕ್ಕಿತೆಂದು ಕೇಳುವವರು ವಿರಳ. ನೀರಿನ ದಾರಿ ಹಾಗೆಯೇ ಉಳಿದು, ಕೆಲವು ವರ್ಷಗಳಲ್ಲಿ ಅದೇ ಗೋಡೆಗೆ ಮತ್ತೊಂದು ಅಂದಾಜು ಪಟ್ಟಿ ಸಿದ್ಧವಾಗುತ್ತದೆ. ಸ್ವಂತ ಮನೆ ಕಟ್ಟಿಕೊಂಡ ವಸತಿ ಯೋಜನೆಯ ಫಲಾನುಭವಿಗಳ ಪಾಡೂ ಇದೇ ಆಗಿದ್ದು, ಅವರಿಗೆ ಎರಡನೆಯ ಅನುದಾನ ದೊರೆಯುವುದಿಲ್ಲ.

ಹೆತ್ತೂರು, ಹಾನುಬಾಳು, ಯಸಳೂರು ಹೋಬಳಿಗಳ ಘಟ್ಟದಂಚಿನ ಗ್ರಾಮಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯು ಗಾಳಿಯೊಡನೆ ಅಡ್ಡಲಾಗಿ ಎರಚುತ್ತದೆ. ಆಲೂರು ತಾಲ್ಲೂಕಿನತ್ತ ಪೂರ್ವಕ್ಕೆ ಬಂದಂತೆ ಅದರ ರಭಸ ಇಳಿಯುತ್ತದೆ. ಆದುದರಿಂದ ಎಲ್ಲ ಕಟ್ಟಡಗಳಿಗೂ ಒಂದೇ ಮಾದರಿಯ ಅಂದಾಜು ಪಟ್ಟಿಯನ್ನು ನಕಲು ಮಾಡುವುದು ಸರಿಯಲ್ಲ. ಒಂದೇ ಕಟ್ಟಡದಲ್ಲಿಯೂ ಪಶ್ಚಿಮ ಮತ್ತು ನೈಋತ್ಯದ ಗೋಡೆಗಳು ತಿನ್ನುವ ಪೆಟ್ಟು ಬೇರೆ, ಉಳಿದವುಗಳದು ಬೇರೆ.

ಬಣ್ಣಕ್ಕೆ ಮೊದಲು ನೀರು

ಪ್ರಸ್ತಾವನೆಗೆ ಒಪ್ಪಿಗೆ ನೀಡುವ ಮುನ್ನ ಸದಸ್ಯರು ಕಿರಿಯ ಅಭಿಯಂತರರೊಡನೆ ಕಟ್ಟಡವನ್ನು ಒಂದು ಸುತ್ತು ಬರುವುದು ಒಳಿತು. ಮಳೆ ಸುರಿಯುತ್ತಿರುವ ದಿನವೇ ಹೋದರೆ ಇನ್ನೂ ಒಳಿತು. ಬಿಸಿಲಿನಲ್ಲಿ ಕಾಣದ್ದು ಮಳೆಯಲ್ಲಿ ಕಾಣುತ್ತದೆ. ಒಡೆದ ಹಂಚು, ತುಂಬಿ ಚೆಲ್ಲುವ ದೋಣಿ, ಬಿರುಕು ಬಿಟ್ಟ ತಾರಸಿಯ ಕಟ್ಟೆ, ಕೆಳಗಂಚಿನಲ್ಲಿ ನೀರು ತಡೆಯುವ ಗೆರೆಯಿಲ್ಲದ ಸಜ್ಜಾ ಇವೆಲ್ಲವೂ ನೀರನ್ನು ನೇರವಾಗಿ ಗೋಡೆಗೆ ಇಳಿಸುತ್ತವೆ. ಗೋಡೆಗೆ ಒತ್ತಿಕೊಂಡು ಬಿದ್ದ ಮಣ್ಣು ಕೆಳಗಿನಿಂದ ತೇವವನ್ನು ಏರಿಸುತ್ತದೆ. ಸೂರಿನ ನೀರು ಬರಿಯ ನೆಲಕ್ಕೆ ಬಿದ್ದು ಸಿಡಿಯುವುದೇ ಬುಡದ ಕೆಸರು ಪಟ್ಟಿಗೆ ಕಾರಣ. ಆ ಜಾಗದಲ್ಲಿ ಜಲ್ಲಿ ಹಾಸಿದರೆ ಸಿಡಿತ ಬಹುಮಟ್ಟಿಗೆ ತಗ್ಗುತ್ತದೆ. ಈ ದುರಸ್ತಿಗಳನ್ನು ಅಂದಾಜು ಪಟ್ಟಿಯಲ್ಲಿ ಬಣ್ಣಕ್ಕಿಂತ ಮೇಲಿನ ಸಾಲಿನಲ್ಲಿ ಬರೆಯತಕ್ಕದ್ದು. ಹಣ ಸಾಲದಿದ್ದರೆ ಈ ವರ್ಷ ದುರಸ್ತಿಯನ್ನಷ್ಟೇ ಮಾಡಿ ಬಣ್ಣವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದು. ಬಣ್ಣ ಕಾಣದ ವರ್ಷದಲ್ಲಿ ಜನರ ಟೀಕೆ ಬರಬಹುದು; ಆದರೂ ಅದೇ ಸರಿಯಾದ ಕ್ರಮ.

ಗೋಡೆ ಒಣಗಿದೆಯೇ ಎಂಬುದನ್ನು ಅರಿಯಲು ಯಂತ್ರ ಬೇಕಿಲ್ಲ. ಸುಮಾರು ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಸಂಜೆ ಗೋಡೆಗೆ ಮುಚ್ಚಿ, ಮರುದಿನ ನೋಡಬೇಕು. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕಟ್ಟಿದ್ದರೆ ಆ ಗೋಡೆ ಬಣ್ಣಕ್ಕೆ ಸಿದ್ಧವಾಗಿಲ್ಲ. ಹೊಸ ಸಿಮೆಂಟ್ ಗಾರೆಗೆ ಕನಿಷ್ಠ 28 ದಿನಗಳ ಬಿಡುವು ಕೊಡಬೇಕು. ಅದರೊಳಗಿನ ಕ್ಷಾರವು ಅವಸರದ ಬಣ್ಣವನ್ನು ಕೆಡಿಸುತ್ತದೆ.

ಯಾವಾಗ ಬಳಿಸಬೇಕು

ಇಲ್ಲಿಯೇ ನಮ್ಮ ಭಾಗದ ನಿಜವಾದ ತೊಡಕಿರುವುದು. ಗೋಡೆಗಳು ಒಣಗುವ ಕಾಲವೂ ಕಾಫಿ ಕೊಯ್ಲಿನ ಕಾಲವೂ ಒಂದೇ. ಅರೇಬಿಕಾ ಮುಗಿಯುತ್ತಿದ್ದಂತೆ ರೊಬಸ್ಟಾ ಹಣ್ಣಾಗುತ್ತದೆ. ಗೋಡೆ ಕೆರೆಯುವ, ಸಾರುವೆ ಕಟ್ಟುವ ಕೈಗಳು ತೋಟಗಳಲ್ಲಿರುತ್ತವೆ. ಫೆಬ್ರವರಿ ಕೊನೆಯಿಂದ ಬೆಳೆಗಾರರು ಎದುರು ನೋಡುವ ಹೂಮಳೆಯು ಬಳಿದ ಮರುಗಳಿಗೆಯಲ್ಲಿಯೇ ಬಂದರೆ ಹಸಿ ಬಣ್ಣ ಇಳಿದುಹೋಗುತ್ತದೆ. ಹೀಗಾಗಿ ಜನವರಿಯಿಂದ ಮಾರ್ಚ್ ಮೊದಲ ವಾರಗಳವರೆಗಿನ ಅವಧಿಯೇ ಅತ್ಯಂತ ಸೂಕ್ತ. ಆ ಅವಧಿಗೆ ಕೆಲಸಗಾರರು ಸಿಗಬೇಕಾದರೆ ಅಕ್ಟೋಬರ್, ನವೆಂಬರ್‌ನಲ್ಲಿಯೇ ಅವರೊಡನೆ ದಿನ ಗೊತ್ತುಮಾಡಿ, ಕಾರ್ಯಾದೇಶವನ್ನು ಡಿಸೆಂಬರ್‌ನೊಳಗೆ ನೀಡಬೇಕಾಗುತ್ತದೆ. ಆರ್ಥಿಕ ವರ್ಷದ ಕೊನೆಯ ವಾರದಲ್ಲಿ ಬಿಲ್ಲಿಗಾಗಿ ಬಳಿಯುವುದಾಗಲಿ, ಮೇ ಕೊನೆಯಲ್ಲಿ ಶಾಲಾರಂಭಕ್ಕೆಂದು ಬಳಿಯುವುದಾಗಲಿ ಬೇಡ. ಚಳಿಗಾಲದ ಮುಂಜಾನೆ ಮಂಜಿನಿಂದ ಗೋಡೆ ಹಸಿಯಾಗಿರುವುದರಿಂದ ಬಿಸಿಲು ತಾಗಿ ಒಣಗಿದ ಮೇಲೆ ಕೆಲಸ ಆರಂಭಿಸಿ, ಸಂಜೆಯ ತಂಪು ಇಳಿಯುವ ಮುನ್ನ ನಿಲ್ಲಿಸುವುದು ಲೇಸು.

ಯಾವ ಗೋಡೆಗೆ ಯಾವ ಬಣ್ಣ

ಬೆಲೆ ಹೆಚ್ಚಿದಷ್ಟೂ ಬಣ್ಣ ಒಳ್ಳೆಯದೆಂಬ ನಂಬಿಕೆ ವ್ಯಾಪಕವಾಗಿದೆ. ಹಳೆಯ ಹಂಚಿನ ಮಾಡಿನ ಶಾಲೆಗಳ ಮಣ್ಣಿನ ಗೋಡೆ ಅಥವಾ ಸುಣ್ಣದ ಗಾರೆಯ ಗೋಡೆಗಳ ವಿಷಯದಲ್ಲಿ ಇದು ತಪ್ಪು. ಅಂತಹ ಗೋಡೆಗಳು ಮಳೆಗಾಲದಲ್ಲಿ ತೇವ ಹೀರಿ ಬೇಸಿಗೆಯಲ್ಲಿ ಹೊರಬಿಡುತ್ತವೆ. ಅವುಗಳ ಮೇಲೆ ಪ್ಲಾಸ್ಟಿಕ್ ಪೊರೆಯಂತಹ ಎಮಲ್ಷನ್ ಬಳಿದರೆ ತೇವಕ್ಕೆ ಹೊರದಾರಿ ತಪ್ಪಿ, ಅದು ಗಾರೆಯನ್ನೇ ತಳ್ಳಿಕೊಂಡು ಬರುತ್ತದೆ. ಇವಕ್ಕೆ ಸುಣ್ಣವೇ ತಕ್ಕದ್ದು. ಚೆನ್ನಾಗಿ ಅರಳಿದ ಸುಣ್ಣವನ್ನು ಸೋಸಿ, ಅಂಟು ಸೇರಿಸಿ ತೆಳುವಾಗಿ ಮೂರು ಕೋಟ್ ಬಳಿಯಬೇಕು. ಸುಣ್ಣದ ಕ್ಷಾರಗುಣ ಬೂಷ್ಟಿಗೆ ಒಗ್ಗದು. ವರ್ಷಕ್ಕೊಮ್ಮೆ ಬಳಿಯಬೇಕಾಗುತ್ತದೆಂಬುದು ನಿಜ, ಆದರೆ ಅದಕ್ಕೆ ತಗಲುವ ವೆಚ್ಚ ಅಲ್ಪ. ಸುಣ್ಣವನ್ನು ಬಡವರ ಬಣ್ಣವೆಂದು ತಳ್ಳಿಹಾಕುವವರು ಸಕಲೇಶಪುರದ ಪಕ್ಕದಲ್ಲಿಯೇ ಇರುವ ಮಂಜರಾಬಾದ್ ಕೋಟೆಯನ್ನು ನೋಡಬಹುದು. 1792ರ ಆ ಕೋಟೆಯ ಹೊರಗೋಡೆಯ ಕಲ್ಲುಗಳನ್ನು ಹಿಡಿದಿರುವುದು ಸುಣ್ಣದ ಗಾರೆ.

ಸಿಮೆಂಟ್ ಗಾರೆಯ ಗೋಡೆಗಳಿಗೆ ಹೊರಗೋಡೆಯ ಅಕ್ರಿಲಿಕ್ ಎಮಲ್ಷನ್ ಸೂಕ್ತ: ಒಂದು ಕೋಟ್ ಪ್ರೈಮರ್, ಎರಡು ಕೋಟ್ ಬಣ್ಣ. ಪಾಚಿ ಮತ್ತು ಶಿಲೀಂಧ್ರ ನಿರೋಧಕವೆಂದು ಡಬ್ಬದ ಮೇಲೆ ನಮೂದಾಗಿರುವುದನ್ನೇ ಕೊಳ್ಳಬೇಕು. ಸಿಮೆಂಟ್ ಪೇಂಟ್ ಅಗ್ಗವಾದರೂ ಅದನ್ನು ಒದ್ದೆ ಮಾಡಿದ ಗೋಡೆಗೆ ಬಳಿದು, ಬಳಿಕವೂ ನೀರು ಚಿಮುಕಿಸಿ ಹದ ಮಾಡಬೇಕು; ಹಳೆಯ ಸುಣ್ಣ ಅಥವಾ ಎಮಲ್ಷನ್ ಮೇಲೆ ಅದು ನಿಲ್ಲುವುದಿಲ್ಲ. ಒಳಗೋಡೆಯ ಡಿಸ್ಟೆಂಪರ್ ಅನ್ನು ಹೊರಗೆ ಬಳಸಲೇಬಾರದು.

ಹಸಿರು, ಕಪ್ಪು ಹಿಡಿದ ಗೋಡೆಯ ಮೇಲೆ ನೇರವಾಗಿ ಬಣ್ಣ ಬಳಿದರೆ ಪಾಚಿ ಅದರಡಿಯಿಂದಲೇ ಮತ್ತೆ ಏಳುತ್ತದೆ. ಕುಡಿಯುವ ನೀರಿನ ಟ್ಯಾಂಕ್‌ಗಳಿಗೆಂದು ಪಂಚಾಯಿತಿಯಲ್ಲಿ ದಾಸ್ತಾನಿರುವ ಬ್ಲೀಚಿಂಗ್ ಪೌಡರ್‌ನ ತಿಳಿನೀರನ್ನೇ ಇದಕ್ಕೂ ಬಳಸಬಹುದು. ಅದನ್ನು ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಗಟ್ಟಿ ಬ್ರಷ್‌ನಿಂದ ಉಜ್ಜಿ, ತೊಳೆದು, ಪೂರ್ಣ ಒಣಗಿಸಬೇಕು. ಇದರೊಡನೆ ಆಸಿಡ್ ಬೆರೆಸಿದರೆ ವಿಷಾನಿಲ ಏಳುವುದರಿಂದ ಕೆಲಸಗಾರರನ್ನು ಮೊದಲೇ ಎಚ್ಚರಿಸತಕ್ಕದ್ದು.

ಬಾಗಿಲು, ಕಿಟಕಿಗಳ ಎನಾಮೆಲ್ ವಿಷಯದಲ್ಲಿ ಅಂಗನವಾಡಿಗಳಿಗೆ ವಿಶೇಷ ಗಮನ ಅಗತ್ಯ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ 2016ರ ಕೇಂದ್ರ ನಿಯಮವು 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಅದಕ್ಕೂ ಹಿಂದಿನ ಪದರಗಳಲ್ಲಿ ಹೆಚ್ಚು ಸೀಸವಿರಬಹುದು. ಅವನ್ನು ಒಣದಾಗಿ ಉಜ್ಜಿದರೆ ಧೂಳು ಮಕ್ಕಳ ಬಾಯಿ ಸೇರುತ್ತದೆ; ಸೀಸವು ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. ಮಕ್ಕಳಿಲ್ಲದ ದಿನಗಳಲ್ಲಿ, ನೀರು ತಾಗಿಸಿಕೊಂಡು ಉಜ್ಜಿಸಿ, ಕಸವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಸಬೇಕು.

ಕೆಲಸಗಾರರ ಆಯ್ಕೆ

ಪಂಚಾಯಿತಿ ಕಾಮಗಾರಿಗಳು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರಂತೆಯೇ ನಡೆಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕಡಿಮೆ ದರವನ್ನು ಹೋಲಿಸುವ ಮುನ್ನ ಎಲ್ಲರೂ ಒಂದೇ ಕೆಲಸಕ್ಕೆ ದರ ಬರೆದಿದ್ದಾರೆಯೇ ಎಂದು ನೋಡಬೇಕು. "ಬಣ್ಣ ಬಳಿಯುವುದು, ಚದರ ಅಡಿಗೆ ಇಂತಿಷ್ಟು" ಎಂಬ ಒಂದೇ ಸಾಲಿನ ದರದಲ್ಲಿ ಕೆರೆಯುವ ಕೆಲಸಕ್ಕೆ ಬೆಲೆಯೇ ಇರುವುದಿಲ್ಲ. ಬಳಿದಷ್ಟಕ್ಕೆ ಹಣ ಪಡೆಯುವವರು ಕೆರೆಯಲು ಎರಡು ದಿನ ಕಳೆಯಲಾರರು; ಅದು ಅವರ ತಪ್ಪೂ ಅಲ್ಲ. ಆದುದರಿಂದ ಕೆರೆದು ತೊಳೆಯುವುದು, ಬಿರುಕು ತುಂಬುವುದು, ಪ್ರೈಮರ್, ಬಣ್ಣ ಇವುಗಳನ್ನು ಪ್ರತ್ಯೇಕ ಬಾಬುಗಳಾಗಿ ಬರೆದು, ಪ್ರೈಮರ್‌ಗೆ ಮುನ್ನ ಗೋಡೆಯನ್ನು ಪರಿಶೀಲಿಸಿ ಅಳತೆ ಪುಸ್ತಕದಲ್ಲಿ ದಾಖಲಿಸಬೇಕು. ಮನೆ ಮಾಲೀಕರಿಗಾದರೆ ಕೆರೆಯುವ ಕೆಲಸವನ್ನು ದಿನಗೂಲಿಗೂ, ಬಳಿಯುವುದನ್ನು ಚದರ ಅಡಿಗೂ ಕೊಟ್ಟು, ಸಾಮಗ್ರಿಯನ್ನು ತಾವೇ ತರುವಂತೆ ಸಲಹೆ ನೀಡಬಹುದು. ಹಿಂದಿನ ಕೆಲಸವನ್ನು ತೋರಿಸುವಂತೆ ಕೇಳುವಾಗ ಕಳೆದ ತಿಂಗಳ ಗೋಡೆಯನ್ನಲ್ಲ, ಎರಡು ಮಳೆಗಾಲ ಕಂಡ ಪಶ್ಚಿಮದ ಗೋಡೆಯನ್ನು ನೋಡಬೇಕು.

ಅತಿಯಾಗಿ ನೀರು ಬೆರೆಸುವುದನ್ನು ತಡೆಯಲು ಸರಳ ಲೆಕ್ಕವಿದೆ. 30 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ಕಟ್ಟಡದ ಹೊರಗೋಡೆ 1000 ಚದರ ಅಡಿ. ಬಾಗಿಲು, ಕಿಟಕಿಗೆ 100 ಕಳೆದರೆ 900. ಲೀಟರ್ ಎಮಲ್ಷನ್‌ಗೆ ಎರಡು ಕೋಟ್‌ನಲ್ಲಿ ಸುಮಾರು 50 ಚದರ ಅಡಿ ಎಂದಿಟ್ಟುಕೊಂಡರೆ 18 ಲೀಟರ್ ಬೇಕು. ಒರಟು ಗೋಡೆ ಇನ್ನೂ ಹೆಚ್ಚು ಹೀರುತ್ತದೆ. ಹತ್ತು ಲೀಟರ್‌ನಲ್ಲಿ ಕೆಲಸ ಮುಗಿದಿದ್ದರೆ ಉಳಿದದ್ದು ನೀರೇ. ಮೊಹರಾದ ಡಬ್ಬಗಳನ್ನು ಸದಸ್ಯರ ಎದುರು ತೆರೆಸಿ, ಖಾಲಿ ಡಬ್ಬಗಳನ್ನು ಬಿಲ್ ಪಾವತಿಯವರೆಗೆ ಕಚೇರಿಯಲ್ಲಿ ಇರಿಸಿಕೊಳ್ಳತಕ್ಕದ್ದು.

ಇಳಿಜಾರಿನಲ್ಲಿ ಕಟ್ಟಿದ ಕಟ್ಟಡಗಳ ಹಿಂಬದಿಯ ಗೋಡೆ ಮುಂಬದಿಗಿಂತ ಬಹಳ ಎತ್ತರವಿರುತ್ತದೆ. ಅಲ್ಲಿ ಏಣಿಯನ್ನು ಹಸಿ ಮಣ್ಣಿನ ಮೇಲೆ ಒರಗಿಸಿ ಕೆಲಸ ಮಾಡಿಸುವುದು ಜೀವಕ್ಕೆ ಅಪಾಯ. ಸಾರುವೆ ಕಟ್ಟುವ ವೆಚ್ಚವನ್ನು ಅಂದಾಜಿನಲ್ಲಿಯೇ ಸೇರಿಸಬೇಕು, ಹತ್ತಿರದ ವಿದ್ಯುತ್ ತಂತಿಯ ಬಗ್ಗೆ ವಿದ್ಯುತ್ ಕಚೇರಿಗೆ ಮೊದಲೇ ತಿಳಿಸಬೇಕು. ಬಣ್ಣ ಬಳಿಯುವವರೂ ಕಟ್ಟಡ ಕಾರ್ಮಿಕರೇ. 18ರಿಂದ 60 ವರ್ಷದೊಳಗಿನವರು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೆ ಅರ್ಹರು. ನೋಂದಾಯಿಸದವರಿಗೆ ಸದಸ್ಯರು ಈ ಮಾಹಿತಿ ನೀಡಬೇಕು.

ಕರಾರಿನಲ್ಲಿ ದೋಷ ಹೊಣೆಗಾರಿಕೆಯ ಅವಧಿಯು ಒಂದು ಪೂರ್ಣ ಮಳೆಗಾಲವನ್ನು ಒಳಗೊಳ್ಳುವಂತೆ ನೋಡಿಕೊಂಡು, ಭದ್ರತಾ ಠೇವಣಿಯನ್ನು ಅಕ್ಟೋಬರ್‌ನಲ್ಲಿ ಗೋಡೆಯನ್ನು ಪುನಃ ಪರಿಶೀಲಿಸಿದ ಬಳಿಕವೇ ಹಿಂದಿರುಗಿಸುವುದು ಸೂಕ್ತ. ಬಳಿದ ದಿನಾಂಕ, ಬಣ್ಣದ ವಿಧ, ಛಾಯೆಯ ಸಂಖ್ಯೆ, ಬಳಸಿದ ಲೀಟರ್‌ಗಳು ಮತ್ತು ಮಾಡಿದ ದುರಸ್ತಿಗಳನ್ನು ಕಟ್ಟಡದ ಕಡತದಲ್ಲಿ ಬರೆದಿಡಬೇಕು. ಮುಂದಿನ ಅಂದಾಜು ಪಟ್ಟಿ ಸಭೆಗೆ ಬಂದಾಗ ಆ ಹಾಳೆಯನ್ನೂ ಜೊತೆಗೆ ಮಂಡಿಸತಕ್ಕದ್ದು.