ಬ್ಯಾಟರಿ ಸಿಂಪರಣಾ ಯಂತ್ರ: ಚಾರ್ಜಿಗೆ ಎಷ್ಟು ಗಂಟೆ ಬೇಕು?

ಮೋಡ ಕವಿದು ಜಡಿಮಳೆ ಹಿಡಿದ ದಿನಗಳಲ್ಲಿ ಟೊಮ್ಯಾಟೊ ಅಥವಾ ಆಲೂಗಡ್ಡೆ ಬೆಳೆಗೆ ಕೊನೆ ಅಂಗಮಾರಿ ರೋಗ ತಗುಲಿದರೆ ಕೆಲವೇ ದಿನಗಳಲ್ಲಿ ಹೊಲವೆಲ್ಲ ಸುಟ್ಟಂತಾಗುತ್ತದೆ. ಮಳೆ ಬಿಡುವು ಕೊಟ್ಟ ಹೊತ್ತಿನಲ್ಲೇ ಔಷಧಿ ಸಿಂಪಡಿಸಿ ಮುಗಿಸಬೇಕು. ಅಂಥ ಸಮಯದಲ್ಲಿ ನಾಲ್ಕನೆಯ ಟ್ಯಾಂಕಿಗೇ ಬ್ಯಾಟರಿ ಸೋತರೆ ಗತಿಯೇನು? “ರಾತ್ರಿಯೆಲ್ಲ ಚಾರ್ಜಿಗೆ ಇಟ್ಟಿದ್ದೆ” ಎಂದು ರೈತರು ಹೇಳುವುದುಂಟು. ಆದರೆ ರಾತ್ರಿ ಕರೆಂಟು ಎಷ್ಟು ಹೊತ್ತು ಇತ್ತು, ಆ ಬ್ಯಾಟರಿಗೆ ಬೇಕಾದದ್ದು ಎಷ್ಟು ಗಂಟೆ ಎಂಬ ಲೆಕ್ಕ ಅನೇಕರಲ್ಲಿ ಇರುವುದಿಲ್ಲ. ಈ ಲೆಕ್ಕ ಬಹು ಸುಲಭ.

ಲೇಬಲ್ಲಿನಲ್ಲಿ ನೋಡಬೇಕಾದ ಅಂಕಿಗಳು

ಬ್ಯಾಟರಿಯನ್ನು ನೀರಿನ ತೊಟ್ಟಿಗೆ, ಚಾರ್ಜರನ್ನು ತೊಟ್ಟಿ ತುಂಬುವ ನಲ್ಲಿಗೆ ಹೋಲಿಸಬಹುದು. ತೊಟ್ಟಿಯ ಗಾತ್ರವನ್ನು ಆಂಪಿಯರ್-ಗಂಟೆಯಲ್ಲಿ ಹೇಳುತ್ತಾರೆ. ಬೆನ್ನಿಗೆ ಹಾಕುವ ಸಿಂಪರಣಾ ಯಂತ್ರಗಳಲ್ಲಿ ಸಾಮಾನ್ಯವಾಗಿ ೧೨ ವೋಲ್ಟಿನ, ೮ ಅಥವಾ ೧೨ ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿ ಇರುತ್ತದೆ. ಗಿಡ ಸವರುವ ಬ್ಯಾಟರಿ ಕತ್ತರಿ, ಡ್ರಿಲ್ ಮುಂತಾದವುಗಳಲ್ಲಿ ಹಗುರವಾದ ಲಿಥಿಯಂ ಬ್ಯಾಟರಿ ಇರುತ್ತದೆ. ಕೆಲವದರ ಮೇಲೆ ೨೦೦೦ ಮಿಲಿ ಆಂಪಿಯರ್-ಗಂಟೆ ಎಂದು ಬರೆದಿರುತ್ತಾರೆ. ಅದು ೨ ಆಂಪಿಯರ್-ಗಂಟೆಗೆ ಸಮ.

ನಲ್ಲಿಯ ಹರಿವು ಚಾರ್ಜರಿನ ಮೇಲಿರುವ ಆಂಪಿಯರ್. ಅಲ್ಲಿ ಎರಡು ಸಾಲುಗಳಿರುತ್ತವೆ. ‘ಇನ್‌ಪುಟ್’ ಎಂಬುದು ಗೋಡೆಯ ಪ್ಲಗ್ಗಿನಿಂದ ಬರುವ ವಿದ್ಯುತ್ತು. ನಮ್ಮ ಲೆಕ್ಕಕ್ಕೆ ಬೇಕಾದದ್ದು ‘ಔಟ್‌ಪುಟ್’ ಎಂಬ ಸಾಲಿನ ಅಂಕಿ ಮಾತ್ರ.

ಲೆಕ್ಕ ಮಾಡುವ ವಿಧಾನ

ಬ್ಯಾಟರಿಯ ಆಂಪಿಯರ್-ಗಂಟೆಯನ್ನು ಚಾರ್ಜರಿನ ಆಂಪಿಯರಿನಿಂದ ಭಾಗಿಸಿ. ಬಂದ ಉತ್ತರವನ್ನು ಸೀಸ-ಆಮ್ಲ ಬ್ಯಾಟರಿಯಾದರೆ ೧.೪ರಿಂದ, ಲಿಥಿಯಂ ಆದರೆ ೧.೨ರಿಂದ ಗುಣಿಸಿ. ಹೀಗೆ ಹೆಚ್ಚು ಹಿಡಿಯಲು ಕಾರಣವಿದೆ. ಹಾಕಿದ ವಿದ್ಯುತ್ತಿನಲ್ಲಿ ಒಂದು ಭಾಗ ಶಾಖವಾಗಿ ನಷ್ಟವಾಗುತ್ತದೆ. ಅಲ್ಲದೆ ಬ್ಯಾಟರಿ ತುಂಬುತ್ತ ಬಂದಂತೆ ಚಾರ್ಜರು ಹರಿವನ್ನು ಕಡಿಮೆ ಮಾಡುವುದರಿಂದ ಕೊನೆಯ ಭಾಗ ನಿಧಾನವಾಗಿ ತುಂಬುತ್ತದೆ.

ಪೂರ್ತಿ ಖಾಲಿಯಾದ ಬ್ಯಾಟರಿಗೆ ಉದಾಹರಣೆಗಳು:

೧. ಸೀಸ-ಆಮ್ಲ ೮ ಆಂಪಿಯರ್-ಗಂಟೆ, ಚಾರ್ಜರ್ ೧.೭ ಆಂಪಿಯರ್: ಸುಮಾರು ೬½ ಗಂಟೆ.
೨. ಸೀಸ-ಆಮ್ಲ ೧೨ ಆಂಪಿಯರ್-ಗಂಟೆ, ಅದೇ ಚಾರ್ಜರ್: ಸುಮಾರು ೧೦ ಗಂಟೆ.
೩. ಲಿಥಿಯಂ ೨ ಆಂಪಿಯರ್-ಗಂಟೆ, ಚಾರ್ಜರ್ ೧ ಆಂಪಿಯರ್: ಸುಮಾರು ೨½ ಗಂಟೆ.

ಅರ್ಧ ಮಾತ್ರ ಬಳಸಿದ್ದರೆ ಸಮಯವೂ ಸುಮಾರು ಅರ್ಧ ಸಾಕು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ರಾತ್ರಿ ೧೦ ಗಂಟೆಗೆ ಚಾರ್ಜಿಗೆ ಹಾಕಿ ಬೆಳಿಗ್ಗೆ ೬ಕ್ಕೆ ತೆಗೆದರೆ ೮ ಗಂಟೆ. ನಡುವೆ ೩ ಗಂಟೆ ಕರೆಂಟು ಹೋಗಿದ್ದರೆ ಉಳಿದದ್ದು ಐದೇ ಗಂಟೆ. ೬½ ಗಂಟೆ ಬೇಕಾದ ಬ್ಯಾಟರಿ ತುಂಬಿರುವುದಿಲ್ಲ. ಅದನ್ನೇ ಸಂಜೆ ೬ಕ್ಕೆ ಹಾಕಿದ್ದರೆ ೯ ಗಂಟೆ ಸಿಗುತ್ತಿತ್ತು. ಹೊಲದಿಂದ ಬಂದ ಮೇಲೆ ಅರ್ಧ ಗಂಟೆ ಆರಲು ಬಿಟ್ಟು, ಕೂಡಲೇ ಚಾರ್ಜಿಗೆ ಹಾಕುವುದು ಒಳ್ಳೆಯದು. ಸೀಸ-ಆಮ್ಲ ಬ್ಯಾಟರಿಯನ್ನು ಖಾಲಿ ಸ್ಥಿತಿಯಲ್ಲಿ ಇಟ್ಟರೆ ಒಳಗಿನ ಫಲಕಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಅದರ ಆಯುಸ್ಸು ಕುಗ್ಗುತ್ತದೆ.

ಬ್ಯಾಟರಿಯ ಆರೋಗ್ಯ ತಿಳಿಯುವುದು ಹೇಗೆ?

ಇದೇ ಲೆಕ್ಕ ಬ್ಯಾಟರಿಯ ಪರೀಕ್ಷೆಗೂ ಉಪಯುಕ್ತ. ಪೂರ್ತಿ ಖಾಲಿಯಾದ ೮ ಆಂಪಿಯರ್-ಗಂಟೆಯ ಬ್ಯಾಟರಿ ೬½ ಗಂಟೆಯ ಬದಲು ಮೂರೇ ಗಂಟೆಯಲ್ಲಿ ಹಸಿರು ದೀಪ ತೋರಿಸಿದರೆ ಸಂತೋಷಪಡಬೇಡಿ. ತೊಟ್ಟಿಯಲ್ಲಿ ಹೂಳು ತುಂಬಿದಂತೆ ಅದರ ಸಾಮರ್ಥ್ಯ ಕುಗ್ಗಿದೆ ಎಂದರ್ಥ. ಹೊಸದರಲ್ಲಿ ಒಂದು ಚಾರ್ಜಿಗೆ ಎಷ್ಟು ಟ್ಯಾಂಕು ಸಿಂಪಡಿಸುತ್ತಿತ್ತೋ ಅದರ ಅರ್ಧಕ್ಕೆ ಇಳಿದಿದ್ದರೆ, ಹಂಗಾಮಿಗೆ ಮೊದಲೇ ಬದಲಾಯಿಸಿ. ಲೆಕ್ಕದ ಸಮಯಕ್ಕಿಂತ ಬಹಳ ಹೊತ್ತಾದರೂ ಹಸಿರು ದೀಪ ಬರದೆ ಬ್ಯಾಟರಿ ಬಿಸಿಯಾಗುತ್ತಿದ್ದರೆ ಕೂಡಲೇ ಪ್ಲಗ್ ತೆಗೆದು ತಿಳಿದವರಿಗೆ ತೋರಿಸಿ.

ವಹಿಸಬೇಕಾದ ಎಚ್ಚರಿಕೆಗಳು

* ಬೇಗ ತುಂಬಲೆಂದು ಸಿಕ್ಕಿದ ಚಾರ್ಜರನ್ನು ಹಾಕಬೇಡಿ. ೧೨ ವೋಲ್ಟಿನ ಸೀಸ-ಆಮ್ಲ ಚಾರ್ಜರು ೧೪ ವೋಲ್ಟಿನ ಆಸುಪಾಸಿಗೆ ಏರುತ್ತದೆ. ಮೂರು ಕೋಶಗಳ ಸಾಮಾನ್ಯ ಲಿಥಿಯಂ-ಅಯಾನ್ ಬ್ಯಾಟರಿಯ ಮಿತಿ ೧೨.೬ ವೋಲ್ಟ್. ಮಿತಿ ಮೀರಿದರೆ ಬೆಂಕಿ ಹೊತ್ತಿಕೊಳ್ಳಬಹುದು.
* ಲಿಥಿಯಂ ಬ್ಯಾಟರಿಯನ್ನು ಮನೆಯವರು ಎಚ್ಚರವಿರುವ ಸಂಜೆಯ ಹೊತ್ತಿನಲ್ಲೇ ಚಾರ್ಜ್ ಮಾಡಿ. ಉಬ್ಬಿದ ಅಥವಾ ಒಡೆದ ಬ್ಯಾಟರಿಯನ್ನು ಬಳಸಬೇಡಿ.
* ಹುಲ್ಲು, ಗೋಣಿಚೀಲ, ಹಾಸಿಗೆಯ ಹತ್ತಿರ, ಬಿಸಿಲಿನಲ್ಲಿ ಅಥವಾ ಮಕ್ಕಳ ಕೈಗೆ ಸಿಗುವಂತೆ ಇಡಬೇಡಿ. ಗಾಳಿಯಾಡುವ, ಒಣಗಿದ ಗಟ್ಟಿ ನೆಲವೇ ಸೂಕ್ತ.
* ಹಂಗಾಮು ಮುಗಿದ ಮೇಲೆ ಸೀಸ-ಆಮ್ಲ ಬ್ಯಾಟರಿಯನ್ನು ಪೂರ್ತಿ ತುಂಬಿಸಿಟ್ಟು, ಎರಡು ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಿ. ಲಿಥಿಯಂ ಬ್ಯಾಟರಿಯನ್ನು ಸುಮಾರು ಅರ್ಧ ತುಂಬಿಸಿ ತಂಪಾದ ಜಾಗದಲ್ಲಿಡಿ.

ರೈತ ಬಾಂಧವರು ತಮ್ಮ ಯಂತ್ರದ ಲೆಕ್ಕವನ್ನು ಇಂದೇ ಮಾಡಿ, ಬಂದ ಗಂಟೆಯನ್ನು ಚಾರ್ಜರಿನ ಮೇಲೆಯೇ ಬಣ್ಣದಿಂದ ಬರೆದಿಡಬೇಕು. ಆಗ ಮನೆಯಲ್ಲಿ ಯಾರು ಚಾರ್ಜಿಗೆ ಹಾಕಿದರೂ ಎಷ್ಟು ಹೊತ್ತು ಬೇಕೆಂಬುದು ತಿಳಿಯುತ್ತದೆ. ಮಳೆ ಬಿಡುವು ಕೊಟ್ಟಾಗ ಯಂತ್ರವೂ ಸಿದ್ಧವಿರುತ್ತದೆ.